ಚಿಗರಿಯ ಬೆನ್ನಿಗೊಂದು ಜೀನು

ರಬಕವಿ

ಜರ್ಮನಿಗೆ ಹೋಗಿ ಬಂದ ಮೇಲೆ ನಮ್ಮೂರಲ್ಲಿ ಎಲ್ಲರೂ ಕೇಳಿದ್ದು ಎರಡೇ ಮಾತು. ಅಲ್ಲಿ ಊಟಕ್ಕೆ ಏನು ಮಾಡಿದಿರಿ? ಅಲ್ಲಿಂದ ಏನು ತಂದಿರಿ? ಊಟದ ಮಾತಿಗೆ ಉತ್ತರ ಸುಲಭ. ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆವು. ಎರಡನೆಯದಕ್ಕೆ ನಾನು "ಒಂದು ಹಳೇ ಜೀನು" ಎಂದಾಗ ಕೇಳಿದವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ದೂರ ಹೋಗಿ, ಯಾರೋ ಕುದುರೆಯ ಮೇಲೆ ಕುಳಿತು ಸವೆಸಿದ ಚರ್ಮದ ಜೀನನ್ನು ಹೊತ್ತು ತರುವವಳಿಗೆ ಏನು ಹೇಳುವುದು?

ನಮ್ಮದು ನೇಕಾರರ ಮನೆ. ಪವರ್‌ಲೂಮಿನ ಸದ್ದು ನಿಂತರೆ ಮಾತ್ರ ನನಗೆ ಎಚ್ಚರವಾಗುತ್ತದೆ. ಸೀರೆಯ ವ್ಯಾಪಾರ ನನ್ನದೂ ನಮ್ಮವರದೂ. ಕುದುರೆ ಮಾತ್ರ ನನ್ನೊಬ್ಬಳದು. ಅದರ ಹೆಸರು ಚಿಗರಿ. ಕಂದು ಬಣ್ಣದ ಹೆಣ್ಣು ಕುದುರೆ, ಕಾಠೇವಾಡಿ ಮಿಶ್ರ ತಳಿ, ಒಳಮುಖವಾಗಿ ಬಾಗಿದ ಚೂಪು ಕಿವಿ. ನಲವತ್ತು ದಾಟಿದ ಮೇಲೆ ನನಗೆ ಸವಾರಿ ಕಲಿಸಿದವರು ಬೀಳಗಿ ಕಡೆಯ ಬಸಪ್ಪ ಕಾಕಾ. ಸೈನ್ಯದ ಕುದುರೆ ದಳದಲ್ಲಿ ದಫೇದಾರರಾಗಿ ನಿವೃತ್ತರಾದವರು. ಈಗ ನಮ್ಮ ಹೊಲದ ಮನೆಯಲ್ಲೇ ಇದ್ದು ಚಿಗರಿಯನ್ನು ನೋಡಿಕೊಳ್ಳುತ್ತಾರೆ.

ಅವರು ನನಗೆ ಕಲಿಸಿದ್ದು ಡ್ರೆಸಾಜ್. ಕುದುರೆಯ ಆಟಗಳಲ್ಲಿ ಇದು ಓಟವೂ ಇಲ್ಲದ, ಜಿಗಿತವೂ ಇಲ್ಲದ ಆಟ. ಉಸುಕಿನ ಅಂಗಳದಲ್ಲಿ ಕುದುರೆ ಹೇಳಿದ ಹೆಜ್ಜೆ ಹಾಕಬೇಕು, ಹೇಳಿದ ಕಡೆ ತಿರುಗಬೇಕು, ನಿಲ್ಲು ಎಂದಲ್ಲಿ ಕಂಬದ ಹಾಗೆ ನಿಲ್ಲಬೇಕು. ಸವಾರಳು ಹೇಳಿದ್ದು ಕುದುರೆಗೆ ಮಾತ್ರ ಕೇಳಿಸಬೇಕು, ನೋಡುವವರಿಗೆ ಕಾಣಬಾರದು. ಚಿಗರಿಗೆ ಈ ಆಟ ಹುಟ್ಟಿನಿಂದಲೇ ಬಂದ ಹಾಗಿತ್ತು. ಕೆಟ್ಟದ್ದು ಅವಳ ಬೆನ್ನು.

ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಕುದುರೆಗೆ ಒಂದು ದಿಬ್ಬವಿರುತ್ತದೆ. ಚಿಗರಿಯ ದಿಬ್ಬ ಎತ್ತರ, ಅದರ ಕೆಳಗೆ ಭುಜ ಅಗಲ, ಎಡ ಭುಜ ಬಲಕ್ಕಿಂತ ದಪ್ಪ. ಬೆನ್ನೋ, ಮಣೆಯಷ್ಟು ಗಿಡ್ಡ. ದಿಬ್ಬಕ್ಕೆ ತಾಗದ ಜೀನು ಭುಜವನ್ನು ಹಿಂಡುತ್ತಿತ್ತು. ಭುಜಕ್ಕೆ ಸರಿಯಾದದ್ದು ದಿಬ್ಬದ ಮೇಲೆ ಕೂರುತ್ತಿತ್ತು. ಕಾನ್ಪುರದಿಂದ ತರಿಸಿದ್ದು, ಪುಣೆಯಲ್ಲಿ ಕೊಂಡದ್ದು, ಸವಾರಿ ಬಿಟ್ಟವರೊಬ್ಬರು ಕೊಟ್ಟದ್ದು, ಎಲ್ಲ ಹಾಕಿ ನೋಡಿದೆವು. ಕೊನೆಗೆ ಬೆನ್ನಿನ ಮೇಲೆ ಹುಣ್ಣಾಯಿತು. ಜಮಖಂಡಿಯಿಂದ ಬಂದ ಪಶು ವೈದ್ಯರು ಔಷಧಿ ಹಚ್ಚಿ, ಕೈ ತೊಳೆದುಕೊಂಡು ಹೇಳಿದರು.

"ಈ ಗಾಯ ಮಾಯತೈತ್ರಿ. ಅದ ಜಾಗಾದಾಗ ಇನ್ನೊಮ್ಮೆ ಆತಂದ್ರ ಈ ಕುದುರಿ ಮ್ಯಾಲ ಯಾರೂ ಕೂಡಾಕ ಬರಾಂಗಿಲ್ಲ. ಬೆನ್ನಿಗೆ ಒಪ್ಪು ಜೀನ ಸಿಗೂತನಕ ಹತ್ತಬ್ಯಾಡ್ರಿ."

ಆವತ್ತಿನಿಂದ ನಾನು ಹತ್ತಲಿಲ್ಲ. ಲಗಾಮು ಹಿಡಿದು ಕಬ್ಬಿನ ಹೊಲದ ಬದುವಿನ ಮೇಲೆ ಅವಳ ಜೊತೆ ನಡೆಯುತ್ತಿದ್ದೆ. ಗಾಯ ಮಾಯ್ದು ಕೂದಲು ಬಿಳಿಯಾಗಿ ಬಂತು. ಜೀನು ಹಿಡಿದು ಹತ್ತಿರ ಹೋದರೆ ಮಾತ್ರ ಕಿವಿ ಹಿಂದಕ್ಕೆ ಒತ್ತಿ ಹಲ್ಲು ತೋರಿಸುತ್ತಿದ್ದಳು. ಮದುವೆ ಮೆರವಣಿಗೆಗೆ ಕುದುರೆ ಬಿಡುವವರೊಬ್ಬರು ಕೊಳ್ಳುತ್ತೇವೆಂದು ಹೇಳಿ ಕಳಿಸಿದರು. ನಮ್ಮವರು ಅದನ್ನು ನನಗೆ ಮುಟ್ಟಿಸಿದರು, ಒತ್ತಾಯ ಮಾಡಲಿಲ್ಲ. ಆದರೆ ಆ ಮಾತು ಮನೆಯೊಳಗೆ ಬಂದು ಕುಳಿತಿತ್ತು.

ಅಂಥ ಹೊತ್ತಿನಲ್ಲಿ ಫ್ರಾಂಕ್‌ಫರ್ಟಿನ ಒಂದು ಬಟ್ಟೆ ಪ್ರದರ್ಶನಕ್ಕೆ ನಮ್ಮ ಮಗ್ಗದ ಸೀರೆ, ಹಾಸುಬಟ್ಟೆಗಳನ್ನು ಒಯ್ಯುವ ಅವಕಾಶ ಬಂತು. ಜರ್ಮನಿಯೆಂದರೆ ಡ್ರೆಸಾಜಿನ ತವರು. ಅಲ್ಲಿ ಹಳೆಯ ಜೀನುಗಳ ಅಂಗಡಿಗಳೇ ಇವೆಯೆಂದು ಓದಿದ್ದೆ. ನಮ್ಮವರು ಹೇಳಿದರು, "ಮಗ್ಗ ಬಿಟ್ಟು ನಾ ಬರಾಕ ಆಗಾಂಗಿಲ್ಲ. ಬಂದರೂ ಜೀನ ನೋಡಿ ನನಗೇನ್ ತಿಳೀತೈತಿ? ಕಾಕಾನ ಕರಕೊಂಡು ಹೋಗು."

ಕುದುರೆಯನ್ನು ಒಯ್ಯುವಂತಿರಲಿಲ್ಲ, ಅದರ ಬೆನ್ನನ್ನಾದರೂ ಒಯ್ಯೋಣವೆಂದು ನಾನೇ ಯೋಚಿಸಿದೆ. ಮುರಿದ ಎಲುಬಿಗೆ ಕಟ್ಟುವ ಪ್ಲಾಸ್ಟರ್ ಪಟ್ಟಿ ತಂದೆವು. ಚಿಗರಿಯ ಮುಂದೆ ಜೋಳದ ಕಣಕಿ ಹಾಕಿ, ಬೆನ್ನಿನ ಮೇಲೆ ನಮ್ಮ ಮಗ್ಗದ ತೆಳು ಬಟ್ಟೆ ಹೊದಿಸಿ, ಅದರ ಮೇಲೆ ಒದ್ದೆ ಪಟ್ಟಿಗಳನ್ನು ಪದರ ಪದರವಾಗಿ ಹಾಸಿದೆವು. ಒಣಗುವತನಕ ಅವಳು ಕಣಕಿ ತಿನ್ನುತ್ತ ನಿಂತಳು. ಎತ್ತಿದಾಗ ದಿಬ್ಬ, ತಗ್ಗು, ಒಂದು ಭುಜ ದಪ್ಪ ಇನ್ನೊಂದು ಸಣ್ಣ, ಎಲ್ಲ ಹಾಗೇ ಮೂಡಿತ್ತು. ಜೊತೆಗೆ ಮೆತ್ತನೆಯ ದಪ್ಪ ತಂತಿಯನ್ನು ದಿಬ್ಬದ ಮೇಲೆ ಬಗ್ಗಿಸಿ ಅದರ ಆಕಾರವನ್ನೂ ಹಿಡಿದೆವು. ಅಚ್ಚು ನನ್ನ ಪೆಟ್ಟಿಗೆಗೆ, ತಂತಿ ಕಾಕಾನ ಚೀಲಕ್ಕೆ ಹೋಯಿತು.

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದ ತಪಾಸಣೆಯವರು ನನ್ನ ಪೆಟ್ಟಿಗೆಯನ್ನು ಪಕ್ಕಕ್ಕೆ ಇಟ್ಟರು. ಯಂತ್ರದ ಪರದೆಯಲ್ಲಿ ಅದು ಏನಾಗಿ ಕಂಡಿತೋ. ತೆರೆಯಿರಿ ಎಂದರು, ತೆರೆದೆ. ಬಿಳಿಯ ಅಚ್ಚನ್ನು ನೋಡಿ ತರುಣ ಅಧಿಕಾರಿ ಇದು ಯಾರದು ಎಂದು ಇಂಗ್ಲಿಷಿನಲ್ಲಿ ಕೇಳಿದ. ಏನಿದು ಎಂದಲ್ಲ, ಯಾರದು ಎಂದು. ಮನುಷ್ಯರ ಎದೆಯೆಂದುಕೊಂಡಿದ್ದನೇನೋ. ನಾನು ಇಂಗ್ಲಿಷ್ ಹುಡುಕುವುದರೊಳಗೆ ಕಾಕಾ ಮುಂದೆ ಬಂದರು. ಎರಡೂ ಕೈಯಲ್ಲಿ ಲಗಾಮು ಹಿಡಿದಂತೆ ಮಾಡಿ ನಿಂತಲ್ಲೇ ಎರಡು ಹೆಜ್ಜೆ ಕುಕ್ಕುಲೋಟ ಹಾಕಿ, ಅಚ್ಚಿನ ಮೇಲೆ ಕೈಯಿಟ್ಟರು. ಅಧಿಕಾರಿ ತನ್ನ ಜೊತೆಯವಳನ್ನು ಕರೆದ. ಅವಳು ಬಂದು ಬೆರಳಿನಿಂದ ದಿಬ್ಬವನ್ನು ಸವರಿ, "ಗಿಡ್ಡ ಬೆನ್ನು, ಕಷ್ಟ" ಎಂದಳು. ಅವಳೂ ಸವಾರಳಂತೆ. ರೊಟ್ಟಿಯ ಗಂಟನ್ನು ಮುಟ್ಟದೆ ನಮ್ಮನ್ನು ಬಿಟ್ಟುಬಿಟ್ಟರು.

ಪ್ರದರ್ಶನದ ಕೆಲಸ ಚೆನ್ನಾಗಿಯೇ ನಡೆಯಿತು, ಅದರ ಕಥೆ ಇಲ್ಲಿ ಬೇಡ. ಕಾಕಾ ಆ ದಿನಗಳಲ್ಲಿ ಊರು ನೋಡಿದರು. ಮಂಗನ ಟೋಪಿ, ಮಫ್ಲರು, ಅದರ ಮೇಲೆ ಸೈನ್ಯದ ಹಳೆಯ ಕೋಟು. ಖಾಲಿ ರಸ್ತೆಯಲ್ಲೂ ಕೆಂಪು ದೀಪ ನೋಡಿ ನಿಲ್ಲುವ ಜನ ಅವರಿಗೆ ಬಹಳ ಹಿಡಿಸಿದರು. ಹೋಟೆಲಿನ ಮೇಜಿನ ಕೆಳಗೆ ಮಲಗಿದ ನಾಯಿಗಳು ಹಿಡಿಸಲಿಲ್ಲ. "ನಮ್ಮ ಮುಧೋಳ ನಾಯಿ ಹಿಂಗ ಮಲಗಿದ್ರ ಆರಾಮಿಲ್ಲಂತ ಡಾಕ್ಟರಗೆ ತೋರಸ್ತಾರ" ಎಂದರು.

ಹ್ಯಾನೋವರ್ ನಿಲ್ದಾಣ

ಪ್ರದರ್ಶನ ಮುಗಿದ ಮರುದಿನ ಉತ್ತರಕ್ಕೆ ಹೊರಟೆವು. ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಕಡೆಯಾಗಿದ್ದರೆ ಮುಂದಿನ ನಿಲ್ದಾಣ ಬರುವುದರೊಳಗೆ ಪೆಟ್ಟಿಗೆಯಲ್ಲಿ ಏನಿದೆ, ಕುದುರೆಗೆ ಎಷ್ಟು ವಯಸ್ಸು, ನನಗೆ ಎಷ್ಟು ಮಕ್ಕಳು ಎಲ್ಲ ಇಡೀ ಡಬ್ಬಿಗೆ ಗೊತ್ತಾಗುತ್ತಿತ್ತು. ಕಿಟಕಿಯ ಹೊರಗೆ ಹೊಲದ ಅಂಚಿನಲ್ಲಿ ಮಣ್ಣು ಮೆತ್ತಿದ ಗೆಡ್ಡೆಗಳ ದೊಡ್ಡ ಒಟ್ಟಿಲುಗಳು ಕಂಡವು. ಇವು ಸಕ್ಕರೆ ಗೆಡ್ಡೆ, ಇಲ್ಲಿಯ ಕಾರ್ಖಾನೆಗಳಲ್ಲಿ ಇದರಿಂದಲೇ ಸಕ್ಕರೆ ಮಾಡುತ್ತಾರೆ ಎಂದೆ. ಕಾಕಾ ನಂಬಲಿಲ್ಲ. "ಗಜ್ಜರಿಯಿಂದ ಸಕ್ರಿ ಆಗತೈತೆಂದ್ರ ನಮ್ಮ ಮುಧೋಳ ತಾಲೂಕಿನ ಮಂದಿ ಯಾಕ ಕಬ್ಬಿಗೆ ಇಷ್ಟು ನೀರ ಹಾಯಸ್ತಾರ?"

ಹ್ಯಾನೋವರಿನಲ್ಲಿ ರೈಲು ಬದಲಿಸಬೇಕಿತ್ತು. ಮೆಟ್ಟಿಲಿಳಿಯುವಾಗ ನನ್ನ ಬೂಟು ಒದ್ದೆ ಕಲ್ಲಿನ ಮೇಲೆ ಜಾರಿತು. ನಾನು ಕಟಾಂಜನ ಹಿಡಿದುಕೊಂಡೆ, ಪೆಟ್ಟಿಗೆಯನ್ನು ಹಿಡಿಯಲಿಲ್ಲ. ಅದು ಮೆಟ್ಟಿಲಿಂದ ಮೆಟ್ಟಿಲಿಗೆ ಬಡಿಯುತ್ತ ಕೆಳಗೆ ಹೋಗಿ ಬಿತ್ತು. ಬೆಂಚಿನ ಮೇಲಿಟ್ಟು ತೆರೆದು ನೋಡಿದರೆ ಅಚ್ಚು ಅಡ್ಡಕ್ಕೆ ಎರಡು ತುಂಡಾಗಿತ್ತು, ಸರಿಯಾಗಿ ಜೀನು ಕೂರುವ ಜಾಗದಲ್ಲಿ.

ನನಗೆ ಅಳು ಬಂತು. ಸೀರೆಗಳ ಮಧ್ಯೆ ಆ ಎರಡು ತುಂಡು ನೋಡುತ್ತ ಕುಳಿತೆ. ಇಷ್ಟು ದೂರ ತಂದದ್ದೇ ಇದೊಂದನ್ನು.

"ಅಳಾಕ ಏನಾಗೈತಿ ಗಿರಿಜಾ" ಎಂದರು ಕಾಕಾ. "ಕುದುರಿ ಬೆನ್ನ ಅಲ್ಲೇ ರಬಕವ್ಯಾಗ ಗಟ್ಟಿ ಐತಿ. ಮುರದದ್ದು ಸುಣ್ಣ."

"ಕೂಡಿಸಿದ್ರ ಆಕಾರ ಬದಲ ಆಗತೈತ್ರಿ ಕಾಕಾ. ಒಂದು ಬೆರಳ ಹೆಚ್ಚು ಕಡಿಮಿ ಆದ್ರೂ ತಪ್ಪು ಜೀನ ಒಯ್ತೀವಿ. ಮತ್ತ ಅದ ಜಾಗಾದಾಗ ಗಾಯ ಆತಂದ್ರ?"

ಕಾಕಾ ತಮ್ಮ ಚೀಲದಿಂದ ತಂತಿ ತೆಗೆದು ನನ್ನ ತೊಡೆಯ ಮೇಲಿಟ್ಟರು.

ನಿಲ್ದಾಣದೊಳಗೇ ಔಷಧಿ ಅಂಗಡಿಯಿತ್ತು. ಪ್ಲಾಸ್ಟರ್ ಪಟ್ಟಿ ಕೇಳಿದಾಗ ಅಂಗಡಿಯಾಕೆ ಗಾಬರಿಯಾಗಿ, ಎಲುಬು ಮುರಿದಿದ್ದರೆ ಆಸ್ಪತ್ರೆಗೆ ಹೋಗಬೇಕು, ಗಾಯಗೊಂಡವರು ಎಲ್ಲಿ ಎಂದಳು. ಭಾರತದಲ್ಲಿದ್ದಾಳೆ ಎಂದೆ. ಅಚ್ಚನ್ನು ತಂದು ತೋರಿಸಿದ ಮೇಲೆ ಒಳಗಿನಿಂದ ಒಂದು ಬೋಗುಣಿ ನೀರು ತಂದುಕೊಟ್ಟಳು. ತಂತಿಯನ್ನು ದಿಬ್ಬದ ಮೇಲಿಟ್ಟು ಎರಡೂ ತುಂಡುಗಳನ್ನು ಅದಕ್ಕೆ ಸರಿಯಾಗಿ ಹೊಂದಿಸಿ, ಕಾಕಾ ಹಿಡಿದರು, ನಾನು ಒಳಗಿನಿಂದ ಪಟ್ಟಿ ಹಚ್ಚಿದೆ. ಹರಿದ ಹಾಸಿನ ಎಳೆ ಕೂಡಿಸುವ ಮನೆಯವಳು ನಾನು. ಕೆಲಸ ತಪ್ಪಲಿಲ್ಲ. ನಾವು ಹೋಗಬೇಕಿದ್ದ ರೈಲು ಹೋಯಿತು, ಅದರ ಮುಂದಿನದೂ ಹೋಯಿತು. ಅದುವರೆಗೆ ಮಾತೇ ಆಡದ ಪ್ರಯಾಣಿಕರು ಈಗ ಸುತ್ತ ನಿಂತು, ಮೆಲ್ಲಗೆ ಒಬ್ಬರಿಗೊಬ್ಬರು ಕುದುರೆಯ ವಿಷಯ ಹೇಳಿಕೊಳ್ಳುತ್ತಿದ್ದರು.

ಫೆರ್ಡನ್

ಫೆರ್ಡನ್ ಕುದುರೆಗಳ ಊರು. ಜರ್ಮನ್ ಭಾಷೆಯಲ್ಲಿ ಕುದುರೆಗೆ ಹೇಳುವ ಮಾತೂ ಹೆಚ್ಚುಕಡಿಮೆ ಹೀಗೇ ಕೇಳಿಸುತ್ತದೆ. ಹಳೆಯ ಜೀನುಗಳ ಅಂಗಡಿ ಊರ ಹೊರಗಿನ ಕೊಟ್ಟಿಗೆಯೊಂದರಲ್ಲಿತ್ತು. ಬಾಗಿಲು ತೆಗೆದರೆ ಚರ್ಮ, ಮೇಣ, ಕುದುರೆಯ ಬೆವರು ಕೂಡಿದ ವಾಸನೆ. ಗೋಡೆಯ ತುಂಬ ಜೀನುಗಳು, ನಮ್ಮ ಬನಹಟ್ಟಿಯ ಅಂಗಡಿಯಲ್ಲಿ ಸೀರೆ ಒಟ್ಟಿದ ಹಾಗೆ. ನಡೆಸುವಾಕೆ ಸಬೀನೆ, ನನ್ನದೇ ವಯಸ್ಸಿನವಳು, ಕುದುರೆಯ ಬೆನ್ನಿಗೆ ಜೀನು ಹೊಂದಿಸುವುದೇ ಅವಳ ವೃತ್ತಿ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದು, ಹಾಗಾಗಿ ಮಾತು ಸಲೀಸಾಗಿ ನಡೆಯಿತು.

ಅಚ್ಚನ್ನು ಜೀನು ಇಡುವ ಕಟ್ಟಿಗೆಯ ಅಡ್ಡದ ಮೇಲಿಟ್ಟು ಒಂದೊಂದೇ ಜೀನು ಹಾಕಿದಳು. ಹಾಕುವುದು, ಕೆಳಗೆ ಕೈ ತೂರಿಸುವುದು, ತಲೆ ಅಲ್ಲಾಡಿಸುವುದು, ತೆಗೆಯುವುದು. ಒಂದು ಮುಂದೆ ಹಿಂದೆ ತಾಗಿ ನಡುವೆ ಸೇತುವೆಯಂತೆ ನಿಂತಿತು. ಇನ್ನೊಂದು ತಕ್ಕಡಿಯಂತೆ ತೂಗಿತು. ಚೆಂದದ ಕರಿ ಜೀನೊಂದು ಭುಜಕ್ಕೆ ಬಿಗಿಯಾಗಿತ್ತು, ಬೆನ್ನು ಮುಗಿದ ಮೇಲೂ ಹಿಂದಕ್ಕೆ ಚಾಚಿತ್ತು.

ಕಾಕಾಗೆ ತಡೆಯಲಿಲ್ಲ. ಅವರ ಮಾತನ್ನು ನಾನು ಅನುವಾದಿಸಿದೆ. ಈ ಕರಿ ಜೀನಿನ ಕೆಳಗೆ ಎರಡು ಕಂಬಳಿ ಮಡಿಸಿ ಹಾಕಿದರೆ ಆಯಿತು, ಸೈನ್ಯದಲ್ಲಿ ಹಾಗೇ ಮಾಡುತ್ತಿದ್ದೆವು.

ಸಬೀನೆ ಅವರ ಬೂಟು ನೋಡಿ ಕೇಳಿದಳು. "ಬೂಟು ಬಿಗಿಯಾದರೆ ಎರಡು ಕಾಲುಚೀಲ ಹಾಕಿಕೊಳ್ಳುತ್ತೀರಾ?"

ನಾನು ಅರ್ಥ ಹೇಳಿದಾಗ ಕಾಕಾ ತಮ್ಮ ಬೂಟು ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಖರೇ ಐತಿ. ಊರಾಗ ನಾನೂ ಚಿಗರಿಗೆ ಅದನ್ನ ಮಾಡಿದ್ನೆಲ್ಲ" ಎಂದರು. ಅವರ ದನಿ ಸಣ್ಣದಾಗಿತ್ತು. ಕಂಬಳಿಯ ಮೇಲೆ ಕಂಬಳಿ ಮಡಿಸಿ ಹಾಕಿದ್ದು ನನ್ನ ಕೈಯೂ ಹೌದು ಎಂದು ಹೇಳಿದೆ.

ಗೋಡೆ ಖಾಲಿಯಾಗುತ್ತ ಬಂತು. ಕೊನೆಗೆ ಸಬೀನೆ ಜೀನು ತರುವುದನ್ನು ನಿಲ್ಲಿಸಿ, ಅಚ್ಚಿನ ಎಡ ಭುಜದ ಮೇಲೆ ಕೈಯಿಟ್ಟು ನಿಂತಳು.

"ಈ ಬೆನ್ನನ್ನು ನಾನು ನೋಡಿದ್ದೇನೆ" ಎಂದಳು. "ಇದನ್ನಲ್ಲ, ಇಂಥದ್ದನ್ನು. ಫಾದೊ ಅಂತ ಒಂದು ಪೋರ್ಚುಗಲ್ ತಳಿಯ ಕುದುರೆ. ಅದರ ಜೀನನ್ನು ವರ್ಷಗಳ ಕಾಲ ನಾನೇ ಹೊಂದಿಸಿಕೊಟ್ಟೆ. ಕುದುರೆ ಹೋದ ವರ್ಷ ತೀರಿಕೊಂಡಿತು. ಜೀನು ಅದರ ಒಡತಿಯ ಮನೆಯಲ್ಲಿದೆ. ಎಷ್ಟೋ ಜನ ಕೇಳಿದರು, ಅವಳು ಕೊಡಲಿಲ್ಲ."

ಅಲ್ಲಿಂದಲೇ ಫೋನ್ ಮಾಡಿದಳು. ಆ ಕಡೆಯ ಮಾತು ಅರ್ಥವಾಗದಿದ್ದರೂ 'ಇಲ್ಲ' ಎಂಬುದು ತಿಳಿಯಿತು. ಸಬೀನೆ ಬಿಡದೆ ಇನ್ನಷ್ಟು ಮಾತಾಡಿದಳು. ಫೋನಿಟ್ಟು ಹೇಳಿದಳು, "ಕಾಫಿಗೆ ಬರಲಿ ಅಂದಳು. ಜೀನಿನ ಮಾತು ಎತ್ತಬಾರದಂತೆ."

ಅಲ್ಲರ್ ನದಿಯ ದಂಡೆ

ಫಾದೊನ ಒಡತಿ ಉಲ್ರಿಕೆಯ ಮನೆ ಅಲ್ಲರ್ ನದಿಯ ಹತ್ತಿರ. ಸಬೀನೆಯೇ ನಮ್ಮನ್ನು ಕರೆದೊಯ್ದಳು. ಚಳಿಗಾಲದ ನೀರು ದಂಡೆ ದಾಟಿ ಹುಲ್ಲುಗಾವಲಿನಲ್ಲಿ ನಿಂತಿತ್ತು. ನಮ್ಮ ಕೃಷ್ಣೆ ಹೀಗೆ ಹೊಲಕ್ಕೆ ಬಂದಳೆಂದರೆ ಇಡೀ ಊರು ದಂಡೆಗೆ ಓಡುತ್ತದೆ. ಇಲ್ಲಿ ಹಂಸಗಳು ತೇಲುತ್ತಿದ್ದವು, ಅಷ್ಟೇ. ಉಲ್ರಿಕೆ ಎಪ್ಪತ್ತರ ಹತ್ತಿರದವರು, ಎತ್ತರ, ನೆಟ್ಟಗಿನ ಬೆನ್ನು. ಬೂಟು ಹೊರಗೆ ಬಿಡಿ ಎಂದರು. ನಮ್ಮ ಮನೆಗೇ ಬಂದ ಹಾಗಾಯಿತು.

ಕಾಫಿ, ಸೇಬಿನ ಕೇಕು ಬಂದವು. ಆ ವಾರ ನಮ್ಮಲ್ಲಿ ಸಂಕ್ರಾಂತಿ. ಕಾಕಾ ಡಬ್ಬಿ ತೆಗೆದು ಅವರ ಅಂಗೈಗೆ ಕುಸುರೆಳ್ಳು ಹಾಕಿದರು. "ಎಳ್ಳು ಬೆಲ್ಲ ತೊಗೊಂಡು ಎಳ್ಳು ಬೆಲ್ಲಧಂಗ ಇರೂಣ್ರಿ" ಎಂದು ಕನ್ನಡದಲ್ಲೇ ಹೇಳಿದರು. ನಾನು ಅರ್ಥ ಹೇಳಿದೆ. ಉಲ್ರಿಕೆ ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡರು. ನಾವು ಮಳೆ, ಹುಲ್ಲು, ಸೀರೆಯ ದಡಿ ಎಲ್ಲದರ ಬಗ್ಗೆ ಮಾತಾಡಿದೆವು. ಜೀನಿನ ಮಾತು ಎತ್ತಲಿಲ್ಲ. ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಅವರೇ ಕೇಳಿದರು. "ನಿಮ್ಮ ಕುದುರೆಯನ್ನು ತೋರಿಸಿ."

ಫೋನಿನಲ್ಲಿ ಹಳೆಯದೊಂದು ವಿಡಿಯೊ ಇತ್ತು, ಹುಣ್ಣಾಗುವ ಮೊದಲಿನದು. ಚಿಗರಿ ಕುಕ್ಕುಲೋಟದಲ್ಲಿದ್ದಾಳೆ, ಮೇಲೆ ನಾನು. ಅವಳ ತಲೆ ಮೇಲೆ, ಬೆನ್ನು ಒಳಕ್ಕೆ ತಗ್ಗಿದೆ, ಬಾಲ ಚಾಟಿಯಂತೆ ಬೀಸುತ್ತಿದೆ. ಉಲ್ರಿಕೆಯ ಮುಖ ಗಟ್ಟಿಯಾಯಿತು.

"ಇವಳಿಗೆ ನೋವಿದೆ. ನೀವು ಇವಳ ಮೇಲೆ ಕೂರಬಾರದು."

"ಗೊತ್ತು" ಎಂದೆ. "ಮಳೆಗಾಲದಿಂದ ಕುಳಿತಿಲ್ಲ. ಅವಳ ಜೊತೆ ನಡೆಯುತ್ತೇನೆ." ಮುಂದಿನ ವಿಡಿಯೊ ತೋರಿಸಿದೆ. ಕಬ್ಬಿನ ಬದುವಿನ ಮೇಲೆ ನಾನು ಮುಂದೆ, ಚಿಗರಿ ನನ್ನ ಭುಜಕ್ಕೆ ಮೂಗು ತಾಗಿಸಿಕೊಂಡು ಹಿಂದೆ. ಲಗಾಮು ಸಡಿಲವಾಗಿ ತೂಗುತ್ತಿದೆ. ಉಲ್ರಿಕೆ ಅದನ್ನು ಮತ್ತೊಮ್ಮೆ ನೋಡಿದರು. ಇನ್ನೊಮ್ಮೆ ನೋಡಿದರು.

"ಆ ಅಚ್ಚನ್ನು ಒಳಗೆ ತನ್ನಿ" ಎಂದರು.

ಪಕ್ಕದ ಕೋಣೆಯಲ್ಲಿ, ಕಿಟಕಿಯ ಹತ್ತಿರ, ಕಟ್ಟಿಗೆಯ ಅಡ್ಡದ ಮೇಲೆ ಜೀನು ಇತ್ತು. ಗಾಢ ಕಂದು, ಅಂಚು ಸವೆದು ಮೆತ್ತಗಾಗಿದ್ದರೂ ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ದಿನಾ ಎಣ್ಣೆ ಕಂಡ ಚರ್ಮ. ಅಚ್ಚಿನ ಮೇಲೆ ಉಲ್ರಿಕೆ ಮೊದಲು ಬರಿಗೈ ಇಟ್ಟರು, ದಿಬ್ಬದಿಂದ ಕೆಳಗೆ, ಎಡ ಭುಜದ ಮೇಲೆ. ಕೈ ಅಲ್ಲೇ ನಿಂತಿತು. ಕಣ್ಣು ತುಂಬಿದರೂ ಅವರು ಒರೆಸಿಕೊಳ್ಳಲಿಲ್ಲ. ಆಮೇಲೆ ತಾವೇ ಜೀನನ್ನು ಎತ್ತಿ ತಂದು ಇಟ್ಟರು.

ಅದು ಸದ್ದಿಲ್ಲದೆ ಕುಳಿತುಕೊಂಡಿತು. ಸಬೀನೆ ಕೆಳಗೆ ಕೈ ತೂರಿಸಿ ಮುಂದಿನಿಂದ ಹಿಂದಿನವರೆಗೆ ಎಳೆದಳು. ನನ್ನ ಕೈ ಹಿಡಿದು ನನ್ನಿಂದಲೂ ಎಳೆಸಿದಳು. ಎಲ್ಲೂ ಹಿಂಡಲಿಲ್ಲ, ಎಲ್ಲೂ ಪೊಳ್ಳಿರಲಿಲ್ಲ. ಬಲಗಡೆ ಮುಂದೆ ಮಾತ್ರ ಒಂದಿಷ್ಟು ಸಡಿಲ. "ಒಳಗೆ ಉಣ್ಣೆ ತುಂಬಿದರೆ ಸರಿಹೋಗುತ್ತದೆ" ಎಂದಳು.

ಕಾಕಾ ತಂತಿ ತೆಗೆದು, ಅಚ್ಚು ಕೂಡಿಸಿದ ಜಾಗವನ್ನು ಮತ್ತೊಮ್ಮೆ ಹೊಂದಿಸಿ ನೋಡಿದರು. ನೋಡಿ ನನಗೆ ಹೇಳಿದರು, "ಬೆನ್ನಿಗೆ ಒಪ್ಪೇತಿ ಗಿರಿಜಾ. ಆದ್ರ ಚಿಗರಿ ಹೂಂ ಅನ್ನೂತನಕ ನಾ ಏನೂ ಅನ್ನಾಂಗಿಲ್ಲ."

ಉಲ್ರಿಕೆ ಜೀನನ್ನು ಒಯ್ಯಿರಿ ಎಂದು, ಒಂದೇ ಶರತ್ತು ಹಾಕಿದರು. ಪ್ರತಿ ಋತುವಿಗೆ ಬೆನ್ನು ಬದಲಾಗುತ್ತದೆ, ಆಗೆಲ್ಲ ಜೀನನ್ನು ನೋಡಿಸಬೇಕು. ಒಪ್ಪದ ದಿನ ಹಾಕಬಾರದು, ಒಪ್ಪುವ ಇನ್ನೊಂದು ಕುದುರೆಗೆ ಕೊಡಬೇಕು. ಒಪ್ಪಿದೆ. ಖಾಲಿಯಾದ ಅಡ್ಡವನ್ನು ಅವರು ನೋಡುತ್ತ ನಿಂತಾಗ ನನ್ನಲ್ಲಿದ್ದ ರಬಕವಿಯ ಹಾಸೊಂದನ್ನು ಅದರ ಮೇಲೆ ಹೊದಿಸಿದೆ. ಕೆಂಪು ದಡಿ, ಹಸಿರು ಒಡಲು. ತೆಗೆಯಿರಿ ಎನ್ನುತ್ತಾರೇನೋ ಎಂದು ಹೆದರಿದ್ದೆ. ಅವರು ಬಂದು ಅದರ ಮಡಿಕೆ ಸರಿಮಾಡಿದರು.

ಸಬೀನೆ ಉಣ್ಣೆ ತುಂಬಿಕೊಟ್ಟಳು. ಮುಂದೆ ಯಾವ ಸಂದಿಯಲ್ಲಿ ಎಷ್ಟು ತುಂಬಬೇಕೆಂದು ನನ್ನ ಕೈಯಿಂದಲೇ ಮಾಡಿಸಿ ಕಲಿಸಿದಳು. ಅಚ್ಚನ್ನು ಅವಳ ಅಂಗಡಿಗೇ ಬಿಟ್ಟು ಬಂದೆವು.

ಮತ್ತೆ ರಬಕವಿ

ಬಂದ ಮರುದಿನ ಬೆಳಿಗ್ಗೆ ಹೊಲಕ್ಕೆ ಹೋದೆವು. ಪಶು ವೈದ್ಯರು ಬಂದಿದ್ದರು, ನಮ್ಮವರೂ ಮಗ್ಗ ಬಿಟ್ಟು ಬಂದಿದ್ದರು. ಜೀನು ನೋಡಿದ ಕೂಡಲೇ ಚಿಗರಿ ಕಿವಿ ಹಿಂದಕ್ಕೆ ಒತ್ತಿದಳು. ಕಾಕಾ ಅವಸರ ಮಾಡಲಿಲ್ಲ. ಮೂಸಲು ಬಿಟ್ಟರು. ಜರ್ಮನಿಯ ಎಣ್ಣೆಯನ್ನೂ ಕಾಣದ ಆ ಇನ್ನೊಂದು ಕುದುರೆಯನ್ನೂ ಅವಳು ಬಹಳ ಹೊತ್ತು ಮೂಸಿದಳು. ಮೆಲ್ಲಗೆ ಬೆನ್ನ ಮೇಲಿಟ್ಟಾಗ ಕಚ್ಚಲು ತಿರುಗಿದಳು, ಅರ್ಧಕ್ಕೇ ನಿಂತಳು. ಹೊಟ್ಟೆಪಟ್ಟಿ ಬಿಗಿದರೂ ಒದೆಯಲಿಲ್ಲ.

ಹತ್ತಿದೆ. ಅವಳು ಮೊದಲು ಒಂದೊಂದೇ ಹೆಜ್ಜೆ ಇಟ್ಟಳು, ಯಾವಾಗ ಚುಚ್ಚುತ್ತದೆಯೋ ಎಂದು ಕಾಯುವವಳಂತೆ. ಚುಚ್ಚಲಿಲ್ಲ. ಒಂದು ಸುತ್ತು ಹೋದ ಮೇಲೆ ಉದ್ದಕ್ಕೆ ಉಸಿರು ಬಿಟ್ಟು ಕತ್ತು ಕೆಳಗೆ ಚಾಚಿದಳು. ಅವಳ ಬೆನ್ನು ನನ್ನ ಕೆಳಗೆ ಮೇಲಕ್ಕೆ ಬಂತು. ಇಷ್ಟು ವರ್ಷ ಅವಳ ಮೇಲೆ ಕುಳಿತಿದ್ದೆ, ಅವಳ ಬೆನ್ನು ಹೀಗೆ ತೂಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಇಳಿದು ಜೀನು ತೆಗೆದಾಗ ಎಲ್ಲರೂ ಬಗ್ಗಿ ನೋಡಿದೆವು. ಜೀನು ಹಿಂಡಿದ ಕಡೆ ಬೆವರು ಬರುವುದಿಲ್ಲ, ಒಣಗಿದ ಮಚ್ಚೆ ಉಳಿಯುತ್ತದೆ. ಚಿಗರಿಯ ಬೆನ್ನಿನ ಎರಡೂ ಕಡೆ ಬೆವರು ಒಂದೇ ಸಮ ಹಬ್ಬಿತ್ತು, ಬಿಳಿ ಕೂದಲಿನ ಜಾಗದಲ್ಲೂ. ವೈದ್ಯರು ಅಂಗೈಯಿಂದ ಒತ್ತಿ ನೋಡಿದರು. ಅವಳು ಅಳುಕಲಿಲ್ಲ. "ಹತ್ತರಿ ಇನ್ನ" ಎಂದರು. ಕಾಕಾ ಆಗ ಮೊದಲ ಸಲ ಬಾಯಿ ಬಿಟ್ಟು ನಕ್ಕರು. ನಮ್ಮವರು ಅಲ್ಲೇ ನಿಂತು ಫೋನ್ ತೆಗೆದು, ಮದುವೆ ಕುದುರೆಯವರಿಗೆ ಚಿಗರಿಯನ್ನು ಕೊಡುವುದಿಲ್ಲ ಎಂದು ಹೇಳಿದರು.

ಮುಧೋಳ

ಆ ವರ್ಷದ ಮಳೆಗಾಲ ಕಳೆದ ಮೇಲೆ ಬೆಂಗಳೂರಿನ ಸ್ಪರ್ಧೆಗೆ ಹೋದೆವು. ಸೈನ್ಯದ ಸವಾರರು, ದೊಡ್ಡ ಕ್ಲಬ್ಬುಗಳ ಎತ್ತರದ ವಿದೇಶಿ ಕುದುರೆಗಳ ನಡುವೆ ಚಿಗರಿ ಗಿಡ್ಡಗೆ ಕಾಣುತ್ತಿದ್ದಳು. ಅಂಗಳಕ್ಕೆ ಇಳಿದ ಮೇಲೆ ನನಗೆ ಅವಳ ಉಸಿರು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಕೊನೆಯಲ್ಲಿ ನಿಲ್ಲು ಎಂದಲ್ಲಿ ನಾಲ್ಕೂ ಕಾಲು ಚೌಕಕ್ಕೆ ಇಟ್ಟು ನಿಂತಳು. ನಮ್ಮ ವಿಭಾಗದಲ್ಲಿ ಮೊದಲನೆಯ ಸ್ಥಾನ ಬಂತು. ಕಾಕಾ ಅಟೆನ್ಷನ್‌ನಲ್ಲಿ ನಿಂತು ನನಗಲ್ಲ, ಚಿಗರಿಗೆ ಸಲಾಮು ಹೊಡೆದರು. ವಿಡಿಯೊ ನೋಡಿ ಉಲ್ರಿಕೆ ಬರೆದರು, "ಈಗ ನೀವು ಅವಳ ಮೇಲೆ ಕೂರಬಹುದು."

ಲೋಕಾಪುರ ದಾಟಿ ಊರಿಗೆ ಮರಳುವಾಗ ಮುಧೋಳದ ಬಸ್ ನಿಲ್ದಾಣದ ಹತ್ತಿರ ಚಹಾಕ್ಕೆ ಲಾರಿ ನಿಲ್ಲಿಸಿದೆವು. ಚಿಗರಿ ಹಿಂದೆ ಹುಲ್ಲು ಮೆಲ್ಲುತ್ತಿದ್ದಳು, ಕೊರಳಲ್ಲಿ ಗೆದ್ದ ರಿಬ್ಬನ್ನು. ಜನ ಸೇರಿದರು. ಪಟಕ ಸುತ್ತಿದ ಹಿರಿಯರೊಬ್ಬರು ಅವಳ ಕಾಲು ಮುಟ್ಟಿ ನೋಡಿ ಕೇಳಿದರು.

"ರೇಸಿನ್ಯಾಗ ಗೆದ್ದೈತೇನ್ರಿ? ಎಷ್ಟು ಜೋರ ಓಡತೈತಿ?"

ಕಾಕಾ ಚಹಾದ ಕಪ್ಪನ್ನು ಲಾರಿಯ ಅಂಚಿನ ಮೇಲಿಟ್ಟರು.

"ಓಡಿ ಅಲ್ಲರೀ ಯಜಮಾನ್ರ" ಎಂದರು, "ನಡದು ಗೆದ್ದೈತಿ."